ಮಂಚಕ್ಕಿಂತ ಎತ್ತರದ ಗೆರೆ

"ಅಯ್ಯೋ, ಮುಟ್ಟಬೇಡಿ! ಹಸಿ ಇದೆ!"

ಅವನು ಕೂಗುವಷ್ಟರಲ್ಲಿ ಹೊಸ್ತಿಲು ಎಡವಿದ್ದ ಅವಳ ಬಲಗೈ ಗೋಡೆಗೆ ಊರಿಯಾಗಿತ್ತು. ತೆಗೆದು ನೋಡಿದರೆ ಅಂಗೈ ತುಂಬ ಬಿಳಿ ಬಣ್ಣ, ಗೋಡೆಯ ಮೇಲೆ ಐದೂ ಬೆರಳಿನ ಅಚ್ಚು!

"ಕ್ಷಮಿಸಿ... ಮನೆ ನೋಡೋಕೆ ಬಂದೆ. ನೋಡೋಕೆ ಮುಂಚೇನೇ ಹಾಳು ಮಾಡಿದೆ," ಎಂದು ನಾಲಿಗೆ ಕಚ್ಚಿಕೊಂಡಳು.

ಮೊಣಕಾಲೂರಿ ಕೂತಿದ್ದ ಪೇಂಟರ್ ಮುಖ ಬಿಳಿಚಿಕೊಂಡಿತು. "ನೀವಾ... ಈ ಮನೆ ಕೊಳ್ತಿರೋದು?" ಎಂದವನೇ ಉತ್ತರಕ್ಕೂ ಕಾಯದೆ ಆ ಅಚ್ಚಿನ ಮೇಲೆ ಸರಸರನೆ ಬ್ರಷ್ ಎಳೆದ.

ಪಾಪ, ನಾಚಿಕೆ ಸ್ವಭಾವ ಅಂದುಕೊಂಡಳು ನಮ್ಮ ಹುಚ್ಚು ಹುಡುಗಿ! ನಾಚಿಕೆಗೂ ಹೆದರಿಕೆಗೂ ವ್ಯತ್ಯಾಸ ಅವಳಿಗೆ ಆಗ ಗೊತ್ತಾಗಲಿಲ್ಲ.

ಅವಳು ಟೈಲರ್. ಪಕ್ಕದೂರಿನಲ್ಲಿ ಅಂಗಡಿ, ಅದರ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಅಮ್ಮನ ಕಾಲುಗಳು ಸ್ವಾಧೀನ ಕಳೆದುಕೊಂಡು ನಾಲ್ಕು ವರ್ಷ. ಇಪ್ಪತ್ತೆರಡು ಮೆಟ್ಟಿಲು ಇಳಿಸುವವರಿಲ್ಲದೆ ಅಮ್ಮನ ಲೋಕ ಒಂದು ಗೋಡೆಗೆ ನಿಂತುಹೋಗಿತ್ತು. ಮೆಟ್ಟಿಲೇ ಇಲ್ಲದ ಮನೆ, ಮಲಗಿದಲ್ಲಿಂದಲೇ ಹೊಳೆ ಕಾಣುವ ಕಿಟಕಿ... ಅದಕ್ಕಾಗಿ ಅವಳು ಹಗಲಿರುಳೂ ಮಿಷನ್ ತುಳಿದಿದ್ದಳು.

ಪರದೆಗೆ ಅಳತೆ ತೆಗೆಯುವ ನೆಪದಲ್ಲಿ ವಾರಕ್ಕೆರಡು ಸಲ ಬರತೊಡಗಿದಳು. ಒಂದು ಕಿಟಕಿಗೆ ಎಷ್ಟು ಸಲ ಅಳತೆ ಬೇಕು ಎಂದು ನೀವು ಕೇಳಬಾರದು. ಅವನೂ ಕೇಳಲಿಲ್ಲ. ಟೇಪಿನ ಆ ತುದಿ ಹಿಡಿದು, ಅವಳು ಹೇಳುವ ಅಮ್ಮನ ಕತೆ ಕೇಳುತ್ತ ನಿಲ್ಲುತ್ತಿದ್ದ, ಅಷ್ಟೇ.

"ಅಮ್ಮನ ಮಂಚ ಎಲ್ಲಿ ಹಾಕ್ತೀರಿ?" ಎಂದ ಒಮ್ಮೆ.

"ಇಲ್ಲೇ, ಕಿಟಕಿ ಪಕ್ಕ. ಯಾಕೆ?"

ಅವನು ಟೇಪ್ ಸುತ್ತಿಟ್ಟ. "ಇನ್ನೊಂದೆರಡು ಮನೆ ನೋಡ್ಬಾರದಾ?"

"ನಾನು ಈ ಊರಿಗೆ ಬರೋದು ನಿಮಗೆ ಇಷ್ಟ ಇಲ್ವಾ?" ಎಂದು ನಕ್ಕಳು. ಅವನು ನಗಲಿಲ್ಲ. 'ಇಷ್ಟ ಇದೆ ಅಂತ ಬಾಯಿಬಿಟ್ಟು ಹೇಳೋಕೇನು ಇವನಿಗೆ!' ಎಂದು ಮುನಿಸಿಕೊಂಡೇ ಬಸ್ ಹತ್ತಿದ್ದಳು.

ರಿಜಿಸ್ಟ್ರೇಷನ್‌ಗೆ ಮೂರು ದಿನ ಉಳಿದಿತ್ತು. ಹೊಲಿದ ಪರದೆಗಳನ್ನು ಎದೆಗವಚಿಕೊಂಡು ಬಂದು ಬಾಗಿಲು ತೆರೆದಳು.

ಬಿಳಿ ಗೋಡೆಯಲ್ಲಿ ಕಂದು ಬಣ್ಣದ ಗೆರೆ... ನಾಲ್ಕೂ ಗೋಡೆಗಳಲ್ಲಿ ಒಂದೇ ಎತ್ತರಕ್ಕೆ, ಸ್ಕೇಲಿಟ್ಟು ಎಳೆದ ಹಾಗೆ!

ಹೊಳೆಯ ನೀರು ನಿಂತಿದ್ದ ಗುರುತು ಅದು. ಅರ್ಥವಾಗಲು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ನೆಲದಿಂದ ಗೆರೆಯವರೆಗೆ ಟೇಪ್ ಹಿಡಿದಳು. ಮೂರು ಅಡಿ ಎರಡು ಇಂಚು. ಅಮ್ಮನ ಮಂಚದ ಎತ್ತರ ಒಂದೂವರೆ ಅಡಿ.

ಪರದೆಗಳು ಕೈಜಾರಿ ಬಿದ್ದವು.

"ಮೂರು ವರ್ಷದ ಹಿಂದೆ ಬಂದಿತ್ತು," ಎಂದಿತು ಬಾಗಿಲಿನಿಂದ ಅವನ ದನಿ. "ಬೀದಿಯವರೆಲ್ಲ ಮನೆ ಮಾರ್ಬೇಕು ಅಂತಿದ್ದಾರೆ. ಅದಕ್ಕೇ ಯಾರೂ ಬಾಯಿ ಬಿಡಲ್ಲ."

"ನೀವು?"

"ಗೆರೆ ಕಾಣದ ಹಾಗೆ ಮುಚ್ಚೋಕೆ ಮನೆಯವರು ಹೇಳಿದ್ರು. ಕಲೆ ತಡೆಯೋ ಪ್ರೈಮರ್ ನಾನು ಬೇಕಂತಲೇ ಹಾಕ್ಲಿಲ್ಲ. ಒಂದಲ್ಲ ಒಂದು ದಿನ ಮೇಲೆ ಬರುತ್ತೆ, ನೀವೇ ನೋಡ್ತೀರಿ ಅಂತ..."

"ಗೋಡೆ ಹೇಳ್ಲಿ ಅಂತ ಕಾದ್ರಾ?" ಅವಳು ಅವನತ್ತ ತಿರುಗಿದಳು. "ನಿಮಗೆ ಬಾಯಿರಲಿಲ್ವಾ? ಇದು ಮೂರು ದಿನ ತಡವಾಗಿ ಮೇಲೆ ಬಂದಿದ್ರೆ? ಅಮ್ಮನಿಗೆ ಎದ್ದು ಓಡೋಕೂ ಆಗಲ್ಲ ಅಂತ ಗೊತ್ತಿದ್ದೂ, ಮಂಚ ಎಲ್ಲಿ ಹಾಕ್ತೀರಿ ಅಂತ ಕೇಳಿದ್ರಲ್ಲ!"

"ಹೇಳಿದ್ರೆ ಈ ಬೀದೀಲಿ ಯಾರೂ ನನಗೆ ಕೆಲಸ ಕೊಡ್ತಿರಲಿಲ್ಲ. ನೀವೂ ಮತ್ತೆ ಬರ್ತಿರಲಿಲ್ಲ."

"ಬ್ರೋಕರ್ ಮೋಸ ಮಾಡಿದ್ರೆ ಬೈದು ಮರೀತಿದ್ದೆ. ನಿಮ್ಮನ್ನ ನಾನು..." ಪರದೆಗಳನ್ನು ಅಲ್ಲೇ ಬಿಟ್ಟು ಹೊರಟಳು. ದಾರಿಯುದ್ದಕ್ಕೂ ಅತ್ತಳು. ಮನೆ ಕೈತಪ್ಪಿದ್ದಕ್ಕಲ್ಲ, ನಂಬಿದ್ದಕ್ಕೆ.

ಮನೆ ಬೇಡವೆಂದು ಹೇಳಿ ಬರಲು ಮರುದಿನ ಮತ್ತೆ ಬಂದಾಗ ಬೀದಿಯ ಬಾಯಲ್ಲಿ ಜನ ಗುಂಪುಗಟ್ಟಿದ್ದರು. ಮೂಲೆಯ ಮೊದಲ ಮನೆ ಪೇಂಟರ್‌ನದೇ. ಅದರ ಹೊರಗೋಡೆಯ ಮೇಲೆ ಅಂಗೈಯಗಲದ ನೀಲಿ ಪಟ್ಟೆ ಎಳೆದು, ಕೆಳಗೆ ದಪ್ಪ ಅಕ್ಷರದಲ್ಲಿ ಅವನು ಬರೆಯುತ್ತಿದ್ದ: 'ನೀರು ಇಲ್ಲಿವರೆಗೆ ಬಂದಿತ್ತು.'

"ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲೋ!" ಎಂದು ಯಾರೋ ಕಿರುಚಿದರು. ಅವನು ತಿರುಗಿಯೂ ನೋಡಲಿಲ್ಲ. ಅವಳೂ ನಿಲ್ಲಲಿಲ್ಲ. ಇಷ್ಟಕ್ಕೇ ಕರಗಲು ಅವಳ ಮನಸ್ಸೇನು ಬೆಣ್ಣೆಯೇ?

ಐದು ತಿಂಗಳ ಮೇಲೆ ಅದೇ ಊರಿನ ದಿಬ್ಬದ ಮೇಲೆ ಹಳೇ ಪುಟ್ಟ ಮನೆಯೊಂದು ಅವಳದಾಯಿತು. ಹೊಳೆ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಗೋಡೆಗಳೋ, ನೋಡುವ ಹಾಗಿರಲಿಲ್ಲ.

"ಆ ಹುಡುಗನನ್ನೇ ಕರೆಸು," ಎಂದರು ಅಮ್ಮ.

"ಅಮ್ಮಾ!"

"ಈಗ ಈ ಊರಲ್ಲಿ ಗೋಡೆ ಬಗ್ಗೆ ಸುಳ್ಳು ಹೇಳೋಕೆ ಧೈರ್ಯ ಇಲ್ಲದ ಪೇಂಟರ್ ಅವನೊಬ್ಬನೇ ಕಣೇ."

ಅವನು ಬಂದ. ಇಳಿದುಹೋಗಿದ್ದ. ಮಡಿಸಿದ ಪರದೆಗಳನ್ನು ಮೇಜಿನ ಮೇಲಿಟ್ಟು, ಕೋಣೆ ಕೋಣೆ ಸುತ್ತಿ ಒಂದೊಂದನ್ನೇ ಹೇಳಿದ. "ಅಡುಗೆಮನೆ ಮೂಲೆ ಸೋರುತ್ತೆ. ಈ ಬಿರುಕು ಹಳೇದು, ಭಯ ಇಲ್ಲ. ಹಿಂದಿನ ಬಾಗಿಲಿಗೆ ಗೆದ್ದಲು ಹಿಡಿದಿದೆ."

ಎರಡನೇ ದಿನ, ಹಸಿ ಗೋಡೆಯೆದುರು ಅವಳು ಕೇಳಿದಳು. "ಮನೆಯ ಹುಳುಕು ಹೇಳಿದ್ದಾಯ್ತು. ಪೇಂಟರ್‌ದು?"

ಅವನು ಬ್ರಷ್ ಕೆಳಗಿಟ್ಟ. "ಹೆದರುಪುಕ್ಕಲ. ಕೈಯಲ್ಲಿ ಇದೊಂದೇ ಕೆಲಸ. ಅರ್ಧ ಊರು ಮಾತು ಬಿಟ್ಟಿದೆ."

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ..." ಅವನು ಕೈಯ ಬಣ್ಣ ಒರೆಸಿಕೊಂಡ. "ನಿಮ್ಮನ್ನ ಪ್ರೀತಿಸ್ತೀನಿ. ಅದನ್ನೂ ಹೇಳದೇ ಇಟ್ಟಿದ್ದೆ."

ಅವಳ ಕಣ್ಣು ತುಂಬಿತು. "ನನಗೆ ಇನ್ನೂ ಕೋಪ ಇದೆ."

"ಇರಲಿ."

"ಬೇಗ ಹೋಗಲ್ಲ."

"ಹೋಗೋದು ಬೇಡ. ಬೈಯೋಕಾದ್ರೂ ಮಾತಾಡ್ತೀರಲ್ಲ."

ಅವಳು ಗೋಡೆಯತ್ತ ಕೈ ಚಾಚಿದಳು.

"ಮುಟ್ಟಬೇಡಿ, ಹಸಿ..."

"ಗೊತ್ತು," ಎಂದು ಐದೂ ಬೆರಳು ಬಿಡಿಸಿ ಒತ್ತಿದಳು. "ಇದನ್ನ ಮಾತ್ರ ಮುಚ್ಚಬೇಡಿ."

"ಇಲ್ಲ... ಇನ್ಯಾವತ್ತೂ ಇಲ್ಲ."