ಹಳೆಯ ಮೊಳೆಯ ತೂತು

“ತಟ್ಟಿ ನೋಡು, ಅಳೆದು ನೋಡು, ಫೋಟೋ ಬೇಕಾದ್ರೂ ತಕ್ಕೋ. ಆ ಮೊಳೆ ಮಾತ್ರ ಮುಟ್ಟಬೇಡ ತಾಯಿ,” ಎಂದಳು ಮುದುಕಿ.

ಮರದ ಡಾಕ್ಟರಮ್ಮನಿಗೆ ನಗು ಬಂತು. ಆಫೀಸಿನವರು ಅವಳಿಗೆ ಇಟ್ಟ ಹೆಸರು ಅದು. ಯಾರದೋ ಅಂಗಳದ ಮರ ಗಟ್ಟಿಯಾಗಿದೆಯೋ, ಜೋರು ಗಾಳಿಗೆ ಮನೆಯ ಮಾಡಿನ ಮೇಲೆ ಮಗುಚಿಕೊಳ್ಳುತ್ತದೆಯೋ ಎಂದು ಪರೀಕ್ಷಿಸಿ, ಮರಕ್ಕೆ ನಂಬರಿನ ತಗಡುಬಿಲ್ಲೆ ಹೊಡೆದು, ವರದಿ ಕೊಡುವುದು ಅವಳ ಕೆಲಸ. ಹದಿನಾಲ್ಕು ವರ್ಷದಲ್ಲಿ ಮರದಲ್ಲಿ ಹಾವು ಕಂಡಿದ್ದಳು, ಜೇನು ಕಂಡಿದ್ದಳು. ದೆವ್ವ ಒಂದನ್ನೂ ಕಂಡಿರಲಿಲ್ಲ.

“ಯಾಕಜ್ಜಿ, ಮುಟ್ಟಿದ್ರೆ ಮರಕ್ಕೆ ಕಚಗುಳಿ ಆಗುತ್ತಾ?”

“ನಗು, ನಗು. ಅದು ಕಟ್ಟು ಹಾಕಿರೋ ಮೊಳೆ.”

“ಕಟ್ಟು ಬಿಚ್ಚೋಕೆ ನನ್ನ ಹತ್ರ ಇಕ್ಕಳ ಇದೆ, ಬಿಡಿ.”

ಅಡುಗೆಮನೆಯ ಕಿಟಕಿಯಲ್ಲಿ ಮುದುಕಿಯ ಸೊಸೆ ನಿಂತಿದ್ದಳು. ಫೋನು ಮಾಡಿ ಕರೆಸಿದವಳು ಅವಳೇ. ಎಲ್ಲರೂ ಮೊದಲು ಕೇಳುವುದು ಮರ ಬೀಳುತ್ತದೆಯೇ ಎಂದು. ಇವಳು ಕೇಳಿದ್ದು ಬೇರೆ. “ಮರದಲ್ಲಿ ಹಳೇ ಕಬ್ಬಿಣ ಇದ್ರೆ ಕೀಳ್ತೀರಲ್ವಾ? ನಿಮ್ಮ ನಂಬರ್ ಬಿಲ್ಲೆ ಹೊಡೆದೇ ಹೋಗ್ತೀರಲ್ವಾ?” ತಿಳಿದವಳು ಅಂದುಕೊಂಡಿದ್ದಳು ಡಾಕ್ಟರಮ್ಮ.

ಎತ್ತರದ ಕಾಂಪೌಂಡು, ತಗಡಿನ ಗೇಟು, ನಡುವೆ ಆ ಅತ್ತಿಮರ. ಬೇರುಗಳು ನಾಲ್ಕೂ ಗೋಡೆಗಳವರೆಗೆ ಹರಿದು ಕಲ್ಲುಚಪ್ಪಡಿಗಳನ್ನು ಎತ್ತಿ ಹಾಕಿದ್ದವು. ಮಧ್ಯಾಹ್ನ ಎರಡೂವರೆಗೇ ಅಂಗಳದಲ್ಲಿ ಮುಸ್ಸಂಜೆಯ ಬೆಳಕು. ಕೊಳೆತ ಹಣ್ಣಿನ ಸಿಹಿ ನಾತ; ಅದರಡಿಯಲ್ಲಿ ಇನ್ನೊಂದು ವಾಸನೆ, ಬಹಳ ದಿನ ತೊಳೆಯದ ತಲೆಯದು. ಅವಳು ಮರದ ಸುತ್ತಿಗೆಯಿಂದ ಕಾಂಡ ತಟ್ಟುತ್ತ ಸುತ್ತು ಬಂದಳು. ಟೊಕ್. ಟೊಕ್. ಗಟ್ಟಿ ಮರದ ಸದ್ದು. ಎದೆಯ ಮಟ್ಟದಲ್ಲಿ ಮೊಳೆಯಿತ್ತು. ಅದರ ಪಕ್ಕ ತಟ್ಟಿದಾಗ ಮಾತ್ರ ಒಳಗಿನಿಂದ ಯಾರೋ ಉಸಿರು ಬಿಗಿಹಿಡಿದಂತೆ ಸದ್ದೇ ಬರಲಿಲ್ಲ.

ಇಕ್ಕಳ ಹಾಕಿ ಎಳೆದಳು. ಕಿರ್ರೆಂದು ಹೊರಬಂತು. ನಾಲ್ಕು ಮೂಲೆಯ ಕರಿ ಮೊಳೆ. ಅದರ ಮೈಗೆ ಉದ್ದನೆಯ ಕೂದಲು ಸುತ್ತಿತ್ತು. ತೂತಿನಿಂದ ಹಾಲು ಒಸರಿತು.

ಕಸುಬಿನಲ್ಲಿ ಒಂದು ನಿಯಮವಿದೆ: ಹಳೆಯ ಗಾಯ ಇರುವಾಗ ಮರಕ್ಕೆ ಹೊಸ ಗಾಯ ಮಾಡಬಾರದು. ಕೆಲಸ ಕಲಿಸಿದ ಹಿರಿಯ ಪರೀಕ್ಷಕರು, ಅವಳು ಅಣ್ಣ ಎಂದು ಕರೆಯುವವರು, ಮೊದಲ ದಿನವೇ ಹೇಳಿಕೊಟ್ಟಿದ್ದರು. ಅವಳು ಬಿಲ್ಲೆಯನ್ನು ಅದೇ ತೂತಿಗೆ ಹಿಡಿದು ತನ್ನ ಮೊಳೆ ಇಟ್ಟಳು. ಬಾಗಿದಾಗ ಜಡೆಯ ತುದಿ ಅಂಟು ಹಾಲಿಗೆ ತಾಗಿತು. “ಥೂ,” ಎಂದು ಎಳೆದುಕೊಂಡಳು. ನಾಲ್ಕು ಎಳೆ ಅಲ್ಲೇ ಉಳಿದವು. ಮೂರು ಪೆಟ್ಟು ಹೊಡೆದಳು.

ಮೂರನೆಯ ಪೆಟ್ಟಿಗೆ ಅಡುಗೆಮನೆಯ ಬಾಗಿಲು ತೆರೆಯಿತು. ಸೊಸೆ ಬರಿಗಾಲಲ್ಲಿ ಹೊರಬಂದಳು. ಮರವನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಗೇಟಿನ ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ಬಿಸಿ ನೀರಿಗೆ ಕಾಲಿಡುವವಳಂತೆ ಹೆಬ್ಬೆರಳಷ್ಟನ್ನೇ ಬೀದಿಗೆ ತಾಗಿಸಿದಳು. ಏನೂ ಆಗಲಿಲ್ಲ. ತಿರುಗಿ ನೋಡಿದಳು.

“ತಪ್ಪಾಯ್ತಕ್ಕ,” ಎಂದಳು. ಓಡಿದಳು.

ಮುದುಕಿ ಜಗಲಿಯ ಮೇಲೆ ಕುಸಿದು ಕೂತಳು.

“ಏನಜ್ಜಿ ಇದು? ಜಗಳವಾ?” ಡಾಕ್ಟರಮ್ಮ ಗಡಿಯಾರ ನೋಡಿಕೊಂಡಳು. ನಾಲ್ಕಕ್ಕೆ ಮಗಳ ಸ್ಕೂಲು ಬಿಡುತ್ತದೆ. ಏಳು ವರ್ಷದ ಹುಡುಗಿ. ಅಮ್ಮ ಒಂದು ನಿಮಿಷ ತಡಮಾಡಿದರೂ ಕಣ್ಣು ತುಂಬಿಕೊಂಡು ನಿಲ್ಲುತ್ತಾಳೆ. ಚೀಲ ಹೆಗಲಿಗೇರಿಸಿ ಗೇಟಿನತ್ತ ನಡೆದಳು. ಒಂದು ಹೆಜ್ಜೆ ಹೊರಗಿಟ್ಟಳು.

ಜುಟ್ಟು ಹಿಡಿದು ಎಳೆದಂತಾಯಿತು.

ಅಂಗಾತ ಬಿದ್ದಳು. ಹಿಂದೆ ಯಾರೂ ಇಲ್ಲ. ಎದ್ದು ಮತ್ತೆ ನುಗ್ಗಿದಳು. ನೆತ್ತಿಯ ಚರ್ಮವೇ ಕಿತ್ತು ಬರುವಂಥ ನೋವು. ಹಣೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಕೈಗೆ ಹತ್ತಿದ್ದು ರಕ್ತ. ಓಡಿ ಮರದ ಬಳಿ ಬಂದಳು. ಬಿಲ್ಲೆ ಇರಲಿಲ್ಲ. ಮೊಳೆ ಇರಲಿಲ್ಲ. ತೊಗಟೆ ಮುಚ್ಚಿಕೊಂಡಿತ್ತು. ಒಂದು ಮೊಳೆ ನುಂಗಲು ಮರಕ್ಕೆ ಹತ್ತು ವರ್ಷ ಬೇಕು. ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಉಗುರಿನಿಂದ ಕೆರೆದಳು. ಉಗುರು ಮುರಿಯಿತು.

“ಅದು ನಿನ್ನ ಕಣ್ಣಿಗೆ ಕಾಣಲ್ಲ,” ಎಂದಳು ಮುದುಕಿ. “ಕಟ್ಟಿಗೆ ಬಿದ್ದವರಿಗೆ ಕಾಣಲ್ಲ. ನನಗೆ ಕಾಣ್ತಿದೆ.”

“ಹಾಗಾದ್ರೆ ಕೀಳಿ!”

“ಕಿತ್ತರೆ ಸಂಜೆಯೊಳಗೆ ಮರ ಆ ಮೊಳೆನೂ ನಿನ್ನ ಕೂದಲನ್ನೂ ಮತ್ತೆ ಒಳಗೆ ಎಳ್ಕೊಳ್ಳುತ್ತೆ. ಸೊಸೆ ಎರಡು ಸಲ ಯಾರ್ಯಾರದೋ ಕೈಲಿ ಕೀಳಿಸಿದ್ಲು. ಎರಡು ಸಲವೂ ಬೀದಿ ತಿರುವಿನಿಂದ ವಾಪಸ್ ಬಂದ್ಲು, ತೆವಳಿಕೊಂಡು. ಆ ತೂತು ಖಾಲಿ ಇರೋಕೆ ಒಪ್ಪಲ್ಲ. ಬೇರೆಯವರು ಅದೇ ತೂತಿಗೆ ಮೊಳೆ ಹೊಡೀಬೇಕು, ಆಗ ಹಳಬರನ್ನ ಬಿಟ್ಟು ಹೊಡೆದವರನ್ನ ಹಿಡ್ಕೊಳ್ಳುತ್ತೆ. ಅಂಥ ದಡ್ಡರು ಯಾರಿರ್ತಾರೆ ಅಂತ ನಾನು ನಿಶ್ಚಿಂತೆಯಿಂದಿದ್ದೆ.”

ಡಾಕ್ಟರಮ್ಮ ಸುತ್ತಿಗೆಯನ್ನು ಅವಳತ್ತ ಚಾಚಿದಳು. “ನೀವೇ ಹೊಡೀರಿ.”

“ಕಟ್ಟಿಸಿದವರ ಕೈಗೆ ಅದು ಆಗಲ್ಲಮ್ಮ. ಮಗ ಸತ್ತ. ಇವಳೂ ಹೋದ್ರೆ ನನಗ್ಯಾರು ಅಂತ ಮಾಟಗಾರನ್ನ ಕರೆಸಿದೆ. ಹನ್ನೊಂದು ವರ್ಷ ಆಯ್ತು. ಒಂದು ದಿನವೂ ಅವಳು ನನ್ನ ಜೊತೆ ಮಾತಾಡಲಿಲ್ಲ.”

ಮೂರೂವರೆ. ಗೋಡೆ ಹತ್ತಲು ನೋಡಿದಳು, ಬಿದ್ದಳು. ಜಡೆಯನ್ನೇ ಕತ್ತರಿಸಿದಳು. ಎಳೆತ ಹೋಗಲಿಲ್ಲ; ಅದು ತಲೆಯ ಒಳಗಿತ್ತು. ಆಮೇಲೆ ಸುಮ್ಮನೆ ಕೂತು ಯೋಚಿಸಿದಳು. ಯೋಚನೆ ಬಂದದ್ದೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಫೋನು ತೆಗೆದಳು.

ಅನುಮಾನದ ಮರಕ್ಕೆ ಎರಡನೆಯವರ ಪರೀಕ್ಷೆ ಬೇಕು. ಎರಡನೆಯವರು ಮೊದಲಿನವರ ಬಿಲ್ಲೆ ಕಿತ್ತು, ಅದೇ ತೂತಿಗೆ ತಮ್ಮದನ್ನು ಹೊಡೆಯಬೇಕು. ಅಣ್ಣ ಆ ನಿಯಮ ತಪ್ಪುವವರಲ್ಲ. ನಿವೃತ್ತಿಗೆ ಹತ್ತಿರವಾದವರು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವಳು ಅದನ್ನೂ ಲೆಕ್ಕ ಹಾಕಿದಳು.

“ಅಣ್ಣಾ, ಒಂದು ಮರ ನೀವು ನೋಡಬೇಕಿತ್ತು. ಈಗಲೇ ಬರ್ತೀರಾ?”

“ಏನಮ್ಮಾ, ಡಾಕ್ಟರಿಗೇ ಡೌಟಾ? ಬಂದೆ ತಾಳು. ಧ್ವನಿ ಯಾಕೆ ಹಾಗಿದೆ?”

“ಧೂಳು ಅಣ್ಣ. ಬೇಗ ಬನ್ನಿ.”

ಕಾದಳು. ಒಂದೊಂದೇ ಹಣ್ಣು ತಪ್ಪೆಂದು ಬೀಳುತ್ತಿತ್ತು. ನಾಲ್ಕಾಯಿತು. ನಾಲ್ಕೂವರೆ. ಬೀದಿಯಲ್ಲಿ ಕಾರು ನಿಂತ ಸದ್ದು. ಬಾಗಿಲು ಬಡಿದ ಸದ್ದು, ಎರಡು ಸಲ.

ಎರಡು ಸಲ ಯಾಕೆ?

“ಅಮ್ಮಾ!”

ಮಗಳ ದನಿ.

“ಸ್ಕೂಲಲ್ಲಿ ನನ್ನ ನಂಬರೂ ಕೊಟ್ಟಿದ್ದೀಯಲ್ಲ, ಫೋನು ಮಾಡಿದ್ರು, ಅಮ್ಮ ಬಂದಿಲ್ಲ ಅಂತ,” ಅಣ್ಣನ ನಗುದನಿ ಗೋಡೆಯಾಚೆಯಿಂದ. “ಕರ್ಕೊಂಡೇ ಬಂದೆ. ಬಿಲ್ಲೆ ನಾನೇ ಹೊಡೀತೀನಿ ಅಂತ ದಾರಿಯುದ್ದಕ್ಕೂ ಒಂದೇ ಹಟ. ಸುತ್ತಿಗೆ ಆಗಲೇ ಕೈಲಿದೆ ನೋಡು!”

ಪುಟ್ಟ ಹೆಜ್ಜೆಗಳು ಓಡಿಬಂದವು. ಎರಡು ಜಡೆಯ ಹುಡುಗಿ. ಗೇಟು ಅಲ್ಲಾಡಿತು. ಸಂದು ತೆರೆಯಿತು. ನಾಲ್ಕು ಬೆರಳು ಒಳಗೆ ಬಂದವು.

ಡಾಕ್ಟರಮ್ಮ ಹಾರಿದಳು. ಆ ಬೆರಳುಗಳನ್ನು ಹೊರಕ್ಕೆ ತಳ್ಳಿದಳು. ಗೇಟು ದೂಡಿದಳು. ಅಗುಳಿ ಹಾಕಿದಳು. ಬೆನ್ನು ಕೊಟ್ಟು ನಿಂತಳು.

“ಅಮ್ಮಾ, ನೋವಾಯ್ತು! ಬಾಗಿಲು ತೆಗಿ!”

“ಅಣ್ಣಾ, ಬರ್ಕೊಳ್ಳಿ. ಮರ ಪೂರ್ತಿ ಪೊಳ್ಳು. ಯಾವ ಗಳಿಗೆಯಲ್ಲಾದ್ರೂ ಬೀಳುತ್ತೆ. ಯಾರೂ ಒಳಗೆ ಕಾಲಿಡಬಾರದು, ಮಕ್ಕಳಂತೂ ಬರಲೇಬಾರದು. ಬರ್ಕೊಂಡ್ರಾ?”

“ಹುಚ್ಚಾ ನಿಂಗೆ? ಮೊದಲು ನೀನು ಹೊರಗೆ ಬಾ!”

“ಅವಳಿಗೆ ರಾತ್ರಿ ದೀಪ ಬೇಕು. ಆರಿಸಬೇಡಿ. ಕರ್ಕೊಂಡು ಹೋಗಿ ಅಣ್ಣಾ, ಕೈ ಮುಗೀತೀನಿ.”

ತಗಡಿನ ಮೇಲೆ ಪುಟ್ಟ ಮುಷ್ಟಿ ಬಡಿಯುತ್ತಲೇ ಇತ್ತು. ಒಂದೊಂದು ಪೆಟ್ಟೂ ಅವಳ ಬೆನ್ನಿಗೇ ಬೀಳುತ್ತಿತ್ತು. ಕೈ ತಾನಾಗಿ ಅಗುಳಿಯ ಕಡೆ ಸರಿಯಿತು. ಒಮ್ಮೆ. ಇನ್ನೊಮ್ಮೆ.

“ಬೀಗ ಇದೆಯಾ ಅಜ್ಜಿ?”

ಮುದುಕಿ ತಂದುಕೊಟ್ಟಳು. ಅವಳು ಹಾಕಿದಳು, ಎರಡು ಸಲ ಎಳೆದು ನೋಡಿದಳು, ಕೀಲಿಯನ್ನು ಮುದುಕಿಯ ಅಂಗೈಗಿಟ್ಟು ಬೆರಳುಗಳನ್ನು ತಾನೇ ಮಡಿಸಿದಳು.

“ಬಚ್ಚಿಡಿ,” ಎಂದಳು. “ನಾಳೆ ನಾನು ಅಳ್ತಾ ಕೇಳಿದ್ರೂ ಕೊಡಬೇಡಿ.”