ಎಂಬತ್ತನಾಲ್ಕು ಕಿಲೋ

ನೆನಪಿನ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ. ಹಿಂದಿನ ವಾಯ್ಸ್ ಮೆಸೇಜ್ ಕೇಳಿ ನಿಮ್ಮಲ್ಲಿ ಯಾರೋ, ಅಜ್ಜನಿಗೆ ಅರಳುಮರಳು, ಆ ಹುಡುಗಿ ಅಷ್ಟೊಂದು ಭಾರ ಇದ್ದಿರಲಾರಳು ಎಂದು ನಕ್ಕರಂತೆ. ವಯಸ್ಸಾದದ್ದು ನನ್ನ ಮಂಡಿಗೆ, ತಲೆಗಲ್ಲ. ಎಂಬತ್ತನಾಲ್ಕು ಕಿಲೋ ಎಂದರೆ ಎಂಬತ್ತನಾಲ್ಕೇ. ಬಾಯಿ ಮುಚ್ಚಿಕೊಂಡು ಮೊದಲಿಂದ ಕೇಳಿ.

ಒಬ್ಬನಿದ್ದ, ಅವನಿಗೆ ತಕ್ಕಡಿ ಎಂದು ಅಡ್ಡಹೆಸರು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟಗಳಿವೆಯಲ್ಲ, ಅಂಥ ಆಟದ ಪುಸ್ತಕ ಮಾಡುವ ಕಂಪನಿಯಲ್ಲಿ ಅವನ ಕೆಲಸ. ಪಾತ್ರಗಳ ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂದು ನೋಡಿ ಸಹಿ ಹಾಕಬೇಕು. ನಗಬೇಡಿ. ತೂಕ ತಪ್ಪಿದರೆ ಆಟದಲ್ಲಿ ಮುಳುಗಬೇಕಾದ ದೋಣಿ ಮುಳುಗುವುದಿಲ್ಲ, ಹರಿಯಬೇಕಾದ ಹಗ್ಗ ಹರಿಯುವುದಿಲ್ಲ. ಹಳೆಯ ಪುಸ್ತಕದಲ್ಲಿ ಒಬ್ಬಳು ಕಮ್ಮಾರ ಹೆಂಗಸು, ಬಾಗಿಲಿನಷ್ಟು ಅಗಲ ಭುಜ, ತೂಕ ಮಾತ್ರ ನಲವತ್ತೊಂಬತ್ತು. ಗಾಳಿ ಬಂದರೆ ಸುತ್ತಿಗೆ ಉಳಿದು ಕಮ್ಮಾರಳೇ ಹಾರಿಹೋಗುತ್ತಾಳೆ ಎಂದು ಆಡುವವರು ಕಾಗದ ಬರೆದು ಬೈದಿದ್ದರು.

ತಕ್ಕಡಿಯ ಪದ್ಧತಿಯೇ ಬೇರೆ. ಕಾಗದದ ಮೇಲಿನವರಿಗೆ ತೂಕ ಬರಬೇಕಾದರೆ ಅದೇ ಮೈಕಟ್ಟಿನ, ಉಸಿರಾಡುವ ಒಬ್ಬರನ್ನು ಹುಡುಕಿ ತೂಗಬೇಕು ಎನ್ನುತ್ತಿದ್ದ. ದೈತ್ಯನಿಗಾಗಿ ಒಬ್ಬ ಹಮಾಲಿಯನ್ನು ತೂಗಿದ್ದ. ಎತ್ತರ ಹೆಚ್ಚಿದರೆ ಮನುಷ್ಯ ಬರೀ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತಾನೆ ಎಂದು ಲೆಕ್ಕ ಹಾಕಿ ಉಳಿದದ್ದನ್ನು ಕೂಡಿಸಿದ್ದ. ಹೊಸ ಪುಸ್ತಕದ ಕಮ್ಮಾರಳಿಗೆ ಯಾರು? ಆಫೀಸಿನ ಕೆಳಗೇ ಒಂದು ವೆಲ್ಡಿಂಗ್ ಶಾಪ್. ಅದರ ಒಡತಿ, ಅಪ್ಪನಿಂದ ಕೆಲಸ ಕಲಿತವಳು, ಕಬ್ಬಿಣದ ಗೇಟನ್ನು ಒಬ್ಬಳೇ ಎತ್ತಿ ಗೋಡೆಗೆ ಒರಗಿಸುತ್ತಿದ್ದಳು.

ಎರಡು ದಿನ ಅವನು ಮೆಟ್ಟಿಲ ಮೇಲೆ ನಿಂತು ಅವಳನ್ನು ನೋಡಿ ನೋಡಿ ಬರೆದುಕೊಂಡ. ಮೂರನೇ ದಿನ ಅವಳು ಮುಖದ ಗುರಾಣಿ ಹಣೆಗೆ ಏರಿಸಿಕೊಂಡು ಮೇಲೆ ಬಂದಳು.

"ಏನ್ರೀ, ನನ್ನ ನೋಡಿ ಅದೇನೋ ಬರ್ಕೊಳ್ತಿದೀರಂತೆ. ಕವನಾನಾ?"

ಅವನು ಪುಸ್ತಕ ತಿರುಗಿಸಿ ತೋರಿಸಿದ. ಭುಜ ಅಗಲ. ಎತ್ತರ ಐದು ಅಡಿ ಒಂಬತ್ತು. ತೂಕ ಎಂಬತ್ತರ ಮೇಲೆ.

ಅವಳ ಮುಖ ಕಂದಿತು. ಶಾಲೆಯಲ್ಲಿ ಮೇಷ್ಟ್ರು ಅವಳನ್ನು ತೂಗಿ, ಇಡೀ ತರಗತಿಗೆ ಕೇಳುವ ಹಾಗೆ ಓದಿದ್ದರು. ಅಂದಿನಿಂದ ಅವಳು ತೂಕದ ಯಂತ್ರ ಹತ್ತಿದವಳಲ್ಲ. ಅವ್ವ ತಟ್ಟೆಗೆ ಬಡಿಸುವಾಗಲೂ ಕಣ್ಣಲ್ಲೇ ತೂಗುತ್ತಿದ್ದಳಂತೆ. ತಕ್ಕಡಿ ತಡವರಿಸುತ್ತ ಕಮ್ಮಾರಳ ಕಥೆ ಹೇಳಿ, ಹಳೆಯ ಪುಸ್ತಕದಲ್ಲಿದ್ದ ಅವಳ ಚಿತ್ರ ತೋರಿಸಿದ. ಅವಳು ಬಹಳ ಹೊತ್ತು ಆ ಚಿತ್ರವನ್ನೇ ನೋಡಿದಳು. ಆಮೇಲೆ ಬೂಟು ಕಳಚಿ, ಆಫೀಸಿನ ತೂಕದ ಯಂತ್ರದ ಮೇಲೆ ನಿಂತಳು. ಅವನು ಮುಳ್ಳಿಗೆ ಕೈ ಅಡ್ಡ ಹಿಡಿದು, ಓದುವುದಿಲ್ಲ, ಬರೆದುಕೊಳ್ಳುತ್ತೇನೆ ಅಷ್ಟೇ ಎಂದ.

"ಓದಿ ಪರವಾಗಿಲ್ಲ," ಎಂದಳು, ಗೋಡೆ ನೋಡುತ್ತ.

"ಎಂಬತ್ನಾಲ್ಕು. ಒಂದು ಕಿಲೋನೂ ಹೆಚ್ಚಿಲ್ಲ. ಇಷ್ಟು ಇಲ್ದೇ ಹೋದ್ರೆ ಆ ಸುತ್ತಿಗೆನೇ ಕಮ್ಮಾರಳನ್ನ ಎಳ್ಕೊಂಡು ಹೋಗತ್ತೆ."

ಅವಳು ತಿರುಗಿ ಅವನನ್ನು ನೋಡಿದಳು. ಕಿಡಿಗಳ ನಡುವೆ ಕಿರಿದು ಮಾಡಿಯೇ ರೂಢಿಯಾದ ಕಣ್ಣುಗಳು ಆವತ್ತು ಪೂರ್ತಿ ಬಿಚ್ಚಿಕೊಂಡವು. ರೆಪ್ಪೆಯ ತುದಿ ಬೆಂಕಿಗೆ ಸುಟ್ಟು ಮೋಟಾಗಿದ್ದದ್ದು ಅವನಿಗೆ ಕಂಡಿತು. ಅಲ್ಲಿಗೆ ಮುಗಿಯಿತು ಅವನ ಕಥೆ.

ಮಧ್ಯಾಹ್ನದ ಚಹಾ ಇಬ್ಬರದೂ ಒಂದೇ ಮೇಜಿಗೆ ಬಂತು. ಅವನ ತೂಕವನ್ನು ಅವಳೂ ಅಂದಾಜು ಮಾಡಿದಳು: ಅರವತ್ತೊಂದು, ಜೇಬಿನಲ್ಲಿರುವ ಭಯವೂ ಸೇರಿ. ಅವನು ನಕ್ಕ. ನಗಬಾರದಿತ್ತು.

ಗಾಯಗೊಂಡ ಜೊತೆಗಾರನನ್ನು ಕಮ್ಮಾರಳು ಎಷ್ಟು ದೂರ ಹೊರಬಲ್ಲಳು ಎಂಬ ನಿಯಮ ಬರೆಯಬೇಕಿತ್ತು. ಬನ್ನಿ ನೋಡೇಬಿಡೋಣ ಎಂದು ಅವಳು ಅವನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡಳು. ಇಪ್ಪತ್ತೆರಡು ಮೆಟ್ಟಿಲು. ಅವನು ತಲೆಕೆಳಗಾಗಿ ಎಣಿಸುತ್ತಿದ್ದ. ಅವಳ ಬೆನ್ನಿನಲ್ಲಿ ಸುಟ್ಟ ಕಬ್ಬಿಣದ ವಾಸನೆ, ಕೂದಲಲ್ಲಿ ಸೋಪಿನ ವಾಸನೆ. ಹದಿನೇಳನೆಯ ಮೆಟ್ಟಿಲಿಗೆ ಎಣಿಕೆ ತಪ್ಪಿತು. ಮೇಲೆ ಇಳಿಸಿದಾಗ ಮದುವೆಯಾಗುತ್ತೀರಾ ಎಂದು ಕೇಳಿಯೇಬಿಟ್ಟ. ಏದುಸಿರು ಬಿಡುತ್ತಿದ್ದವನು ಅವನು, ಅವಳಲ್ಲ.

"ಆ ಪುಟ ಅಚ್ಚಾಗಲಿ," ಎಂದಳು. "ನನ್ನ ತೂಕ ಊರೆಲ್ಲ ಓದಲಿ. ಈ ಸಲ ನನಗೆ ನಾಚಿಕೆ ಆಗಲ್ಲ. ಪುಸ್ತಕ ತಂದು ಕೊಡಿ, ಅವತ್ತೇ ಹ್ಞೂಂ ಅಂತೀನಿ."

ಅಚ್ಚಿಗೆ ಹೋಗುವ ಹಿಂದಿನ ದಿನ ಯಜಮಾನರು ಹಾಳೆ ತಿರುವಿ ನೋಡಿದರು. ಬೈದವರು ನಾಲ್ಕು ಜನ, ಕೊಳ್ಳುವವರು ನಾಲ್ಕು ಸಾವಿರ, ಇಷ್ಟು ಭಾರದವಳಾಗಿ ಆಡಲು ಯಾರಿಗೆ ಇಷ್ಟ, ಐವತ್ತೆಂಟು ಮಾಡು ಎಂದರು. ತಕ್ಕಡಿ ಒಂದು ಸಲ ವಾದಿಸಿದ. ಹೌದು, ಒಂದೇ ಸಲ. ಸಹಿ ಹಾಕಲು ಬೇರೆಯವರು ಸಿಗುತ್ತಾರೆ ಎಂದಾಗ ಪೆನ್ನು ತೆರೆದ. ಕಾಗದದ ಮೇಲಿನ ಅಂಕಿ ತಾನೇ, ನಿಜವಾದವಳು ಹೇಗೂ ನನ್ನ ಪಕ್ಕದಲ್ಲಿ ಎಂಬತ್ತನಾಲ್ಕಾಗಿಯೇ ಇರುತ್ತಾಳಲ್ಲ ಎಂದುಕೊಂಡ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪ್ರೆಸ್ಸಿನವನನ್ನು ಕಾಡಿ ಬೇಡಿ, ಅದೇ ಅಚ್ಚಿನಲ್ಲಿ ‘೮೪’ ಎಂದು ಒಂದು ಚೂರು ಕಾಗದ ಮಾಡಿಸಿದ. ಅವಳಿಗೆ ಕೊಡುವ ಒಂದೇ ಒಂದು ಪುಸ್ತಕದಲ್ಲಿ ಮಾತ್ರ, ಅಂಕಿಯ ಮೇಲೆ ಅದನ್ನು ನೀಟಾಗಿ ಅಂಟಿಸಿದ.

ಅವಳು ಕೈ ತೊಳೆದು ಬಂದು ಪುಸ್ತಕ ತೆಗೆದುಕೊಂಡಳು. ಪುಟ ಸಿಕ್ಕಿತು. ಮುಖ ಅರಳಿತು. ಹ್ಞೂಂ ಎನ್ನಲು ಬಾಯಿ ತೆರೆದವಳು ಪ್ರೀತಿಯಿಂದ ಆ ಅಂಕಿಯ ಮೇಲೊಮ್ಮೆ ಹೆಬ್ಬೆರಳು ಆಡಿಸಿದಳು. ಬೆಸುಗೆ ಹಾಕುವವಳ ಹೆಬ್ಬೆರಳು, ಸ್ವಾಮಿ. ಜೋಡಿಸಿದ ಜಾಗ ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ಉಗುರಿನಿಂದ ಕೆರೆದಳು. ಚೂರು ಎದ್ದು ಬಂತು.

ಅವಳು ಕೂಗಾಡಲಿಲ್ಲ.

"ಇಪ್ಪತ್ತಾರು ಕಿಲೋ," ಎಂದಳು. "ಎಲ್ಲಿಂದ ಕಡಿದ್ರಿ? ನಿಮ್ಮನ್ನ ಹೊತ್ಕೊಂಡಿದ್ದ ಹೆಗಲಿಂದಾನಾ?"

ಅವನು ಯಜಮಾನರು, ನೌಕರಿ, ಒಂದು ಅಂಕಿ ಎಂದೆಲ್ಲ ಹೇಳಿದ. ಬರೆದದ್ದು ಅವರಾಗಿದ್ದರೆ ಸಹಿ ಯಾರದ್ದು ಎಂದು ಅವಳು ಕೇಳಿದಳು.

"ಮೇಷ್ಟ್ರು ಜೋರಾಗಿ ಓದಿದ್ರು, ನೀವು ಮುಚ್ಚಿಟ್ರಿ. ಊರೆದುರಿಗೆ ಐವತ್ತೆಂಟು, ಮನೆಯೊಳಗೆ ಎಂಬತ್ನಾಲ್ಕು. ಅಂಥ ಸಂಸಾರ ನನಗೆ ಬೇಡ ಕಣ್ರೀ."

ಆ ಚೂರು ಕಾಗದವನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, ಗುರಾಣಿ ಮುಖಕ್ಕೆ ಎಳೆದುಕೊಂಡಳು. ಆಮೇಲೆ ಅವಳ ಕಣ್ಣು ಅವನಿಗೆ ಕಾಣಲಿಲ್ಲ. ವರ್ಷ ತುಂಬುವುದರೊಳಗೆ ಶಾಪು ಬೇರೆ ಬೀದಿಗೆ ಹೋಯಿತು. ಅವಳಿಗೆ ಮದುವೆಯಾಯಿತೋ ಇಲ್ಲವೋ, ವಿಚಾರಿಸುವ ಧೈರ್ಯವೂ ಅವನಿಗೆ ಬರಲಿಲ್ಲ.

ತಕ್ಕಡಿ ಒಮ್ಮೆ, ಸುಮ್ಮನಿರಲಾರದೆ, ತಾನೇ ಬರೆದ ನಿಯಮಕ್ಕೆ ಹೊಸ ಅಂಕಿ ಹಾಕಿ ನೋಡಿದ. ಐವತ್ತೆಂಟರ ಕಮ್ಮಾರಳು ಅರವತ್ತೊಂದರ ಜೊತೆಗಾರನನ್ನು ಐದನೆಯ ಮೆಟ್ಟಿಲಿಗೇ ಕೆಳಗಿಳಿಸಬೇಕು. ಲೆಕ್ಕ ಸರಿಯಾಗಿತ್ತು.

ಪುಸ್ತಕ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ, ಐವತ್ತೆಂಟಾಗಿಯೇ. ಅದಕ್ಕೇ ನಿಮ್ಮ ತಲೆ ತಿನ್ನುತ್ತಿದ್ದೇನೆ. ಈ ಮೆಸೇಜನ್ನು ನಾಲ್ಕು ಜನಕ್ಕೆ ಕಳಿಸಿ, ಇಲ್ಲವೇ ಬಾಯಲ್ಲಿ ಹೇಳಿ. ಅವನ ಬಗ್ಗೆ ಏನು ಬೇಕಾದರೂ ಸೇರಿಸಿ, ಬೇಕಾದರೆ ಬೈಯಿರಿ. ಅವಳದ್ದು ಹೇಳುವಾಗ ಮಾತ್ರ ಒಂದು ಕಿಲೋ ಕೂಡ ಇಳಿಸಬೇಡಿ.