ಸವಳಹಾಳದ ಉಪ್ಪಿನ ಸೇರು

ಗೋಡೆಯ ಗೂಡು ಖಾಲಿಯಾಗಿತ್ತು. ಹಿತ್ತಾಳೆಯ ಸೇರೂ ಇಲ್ಲ, ಅದರ ತುಂಬ ಇದ್ದ ಉಪ್ಪೂ ಇಲ್ಲ.

ಬೈಲಹೊಂಗಲದಿಂದ ಬಸ್ಸು ಮಾಡಿಕೊಂಡು ಬಂದಿದ್ದ ಮೂವತ್ತು ಮಂದಿ ಪ್ರವಾಸಿಗರು ಉಪ್ಪಿನ ಚೌಕಿಯ ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದರು. ಅವರಿಗೆ ಊರು ತೋರಿಸುತ್ತಿದ್ದ ಕಾಡವ್ವ ಗೋಡೆ ಹಿಡಿದುಕೊಂಡು ಹಾಗೇ ಕೂತುಬಿಟ್ಟಳು.

"ಕೀಲಿ ಹಾಕಿರಲಿಲ್ಲೇನವಾ?" ರಾಜೇಶ್ವರಿ ಕೇಳಿದಳು.

"ಚಿಲಕಾ ಅಷ್ಟ ಹಾಕಿದ್ನಿರಿ. ನಿಮಗ ಹೊಂಡಾ ತೋರ್ಸಿ ತಾಸಿನ್ಯಾಗ ಹೊಳ್ಳಿ ಬರೂದಿತ್ತಲ್ರಿ."

ರಾಜೇಶ್ವರಿ ಬೈಲಹೊಂಗಲದ ಒಂದು ವಾರಪತ್ರಿಕೆಯ ವರದಿಗಾರ್ತಿ. ಕಿತ್ತೂರಿನ ಕೋಟೆ, ಸಿರಸಂಗಿಯ ಕಾಳಿಕಾ ಗುಡಿಯ ಬಗ್ಗೆ ಬರೆದೂ ಬರೆದೂ ಬೇಸತ್ತಿದ್ದಳು. ೨೦೦೨ರ ಆ ಬೇಸಿಗೆಯಲ್ಲಿ ಯಾರೂ ಬರೆಯದ ಊರೊಂದು ಬೇಕೆಂದು ಸವದತ್ತಿ ತಾಲೂಕಿನ ಸವಳಹಾಳಕ್ಕೆ ಬಂದಿದ್ದಳು. ಒಂದು ಕಾಲಕ್ಕೆ ಇಲ್ಲಿ ಸವಳು ಮಣ್ಣು ಅಗೆದು, ನೀರಲ್ಲಿ ಕರಗಿಸಿ, ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರು. ಬ್ರಿಟಿಷರು ಕರ ಹಾಕಿದರು, ಕಾವಲಿಗೊಂದು ಚೌಕಿ ಕಟ್ಟಿದರು, ಕೊನೆಗೆ ಕೆಲಸವನ್ನೇ ನಿಲ್ಲಿಸಿದರು. ಉಳಿದದ್ದು ಬಿಳಿ ದಿಬ್ಬಗಳು, ಹೊಂಡಗಳು, ಚೌಕಿ ಮತ್ತು ಉಪ್ಪು ಅಳೆಯುತ್ತಿದ್ದ ಆ ಸೇರು. ಕಾಡವ್ವನ ಅಜ್ಜ ಶಟ್ಟೆಪ್ಪ ಚೌಕಿಯ ಕಾವಲುಗಾರನಾಗಿದ್ದ. ಕೀಲಿ ಅಂದಿನಿಂದ ಅವರ ಮನೆಯಲ್ಲೇ ಇತ್ತು.

"ಇನ್ನ ಇರೂದಿಲ್ಲ," ಎಂದ ಗೌರೀಶ. ಅವನು ಊರಿನ ಪ್ರವಾಸ ಸಮಿತಿಯ ಅಧ್ಯಕ್ಷ. ಬಂದವರ ಊಟದ ಉಸ್ತುವಾರಿಯೂ ಅವನದೇ. "ಸೇರು ಸಿಗಲಿಲ್ಲಂದ್ರ ಸಂಜಿಗೆ ಕೀಲಿ ಸಮಿತಿಗೆ ಕೊಡಬೇಕು, ಕಾಡವ್ವ. ಪೊಲೀಸರಿಗೆ ಏನ್ ಹೇಳ್ತಿ, ನೀನಾ ನೋಡ್ಕೋ."

ಕಾಡವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ರಾಜೇಶ್ವರಿಯ ಕಣ್ಣು ನೆಲವನ್ನೇ ಹುಡುಕುತ್ತಿತ್ತು. ಕಪ್ಪು ಕಲ್ಲಿನ ನೆಲ. ಅದರ ಮೇಲೆ ಒಂದು ಹರಳು ಉಪ್ಪೂ ಬಿದ್ದಿರಲಿಲ್ಲ.

*

ಸವದತ್ತಿಯಿಂದ ಹವಾಲ್ದಾರ ಜಟ್ಟೆಪ್ಪ ಮೋಟಾರ್‌ಸೈಕಲ್ ಮೇಲೆ ಬಂದ. ಬಂದವನೇ ಪ್ರವಾಸಿಗರಲ್ಲಿ ಕಲ್ಮೇಶನನ್ನು ಹಿಡಿದ. ಕಲ್ಮೇಶನಿಗೆ ಹಳೆಯ ಸಾಮಾನು ಕೂಡಿಹಾಕುವ ಹುಚ್ಚು. ಮುಂಜಾನೆ ಆ ಸೇರಿನ ಮುಂದಿನಿಂದ ಕದಲಿರಲಿಲ್ಲ. ಎಲ್ಲರೂ ಹೊಂಡ ನೋಡಲು ಹೋದಾಗ ಮೊಣಕಾಲು ನೋವೆಂದು ಬಸ್ಸಿನಲ್ಲೇ ಉಳಿದಿದ್ದ. ಈಗ ಅವನ ಚೀಲ ಭಾರವಾಗಿತ್ತು.

"ಚೀಲಾ ತೆಗೀರಿ."

"ಸಾಹೇಬ್ರ, ಅದರಾಗ..."

"ತೆಗೀರಿ ಅಂದ್ನಿ."

ಒಳಗಿದ್ದದ್ದು ನಾಲ್ಕು ಹೆಂಟೆ ಸವಳು ಮಣ್ಣು.

"ಬಸ್ಸಿನ ಬಾಜೂಕ ಬಿದ್ದಿತ್ರಿ. ಮನ್ಯಾಗ ಕಪಾಟಿನ್ಯಾಗ ಇಡೂಣಂತ," ಎಂದು ಕಲ್ಮೇಶ ನಾಚಿಕೊಂಡ. ಬಸ್ಸಿನವರೆಲ್ಲ ನಕ್ಕರು. ಉಪ್ಪಿನೂರಿಗೆ ಬಂದೂ ಹವಾಲ್ದಾರನ ಮುಖ ಸಪ್ಪಗಾಯಿತು. ಅವನು ಮತ್ತೆ ಕಾಡವ್ವನ ಕಡೆಗೆ ತಿರುಗಿದ.

ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಚೌಕಿಯ ಎದುರು, ಸಮಿತಿಯ ಅಡುಗೆಮನೆಯ ಪಡಸಾಲೆಯಲ್ಲಿ ಎಲೆ ಹಾಕಿದ್ದರು. ರೊಟ್ಟಿ, ಎಣಗಾಯಿ ಪಲ್ಯ ಚೆನ್ನಾಗಿ ಇಳಿದವು. ಸಾರು ಬಾಯಿಗಿಟ್ಟದ್ದೇ ತಡ, ಒಬ್ಬೊಬ್ಬರೇ ಎದ್ದು ಹೊರಗೆ ಓಡಿ ಉಗುಳಿದರು. ಬೇವಿನ ಕಷಾಯ ಕುಡಿದಂತಿತ್ತು.

"ಏನ್ ಹಾಕೀಯ ತಾಯವ್ವಾ ಇದರಾಗ?" ಗೌರೀಶ ಅಡುಗೆಯವಳ ಮೇಲೆ ರೇಗಿದ. ಅವನೂ ಒಂದು ಗುಟುಕು ಕುಡಿದಿದ್ದ, ಪಾಪ.

ರಾಜೇಶ್ವರಿ ತಾಯವ್ವನನ್ನು ಬಾಗಿಲಿಗೆ ಕರೆದಳು. "ಪಲ್ಯಾ ಚಲೋ ಐತಿ. ಸಾರಷ್ಟ ಯಾಕ ಹಿಂಗಾತು?"

"ಪಲ್ಯಾ, ರೊಟ್ಟಿ ಮುಂಜಾನಿ ಮಾಡಿದ್ನಿರಿ. ಸಾರು ಹನ್ನೊಂದರ ಮ್ಯಾಲ. ಅದ ಭರಣಿ ಉಪ್ಪ ಹಾಕೇನ್ರಿ, ಯವ್ವನಾಣಿ."

"ಭರಣಿ ಹೆಂಗಿತ್ತು?"

ತಾಯವ್ವ ಯೋಚಿಸಿದಳು. "ಮುಂಜಾನಿ ಅರ್ಧಾ ಇತ್ತು. ನೀವು ಹೊಂಡಕ್ಕ ಹೋದಾಗ ನೀರು ತರಾಕ ಹೋಗಿದ್ನಿ, ಬಂದು ನೋಡಿದ್ರ ತುಂಬಿತ್ರಿ. ಯಾರೋ ತಂದು ಹಾಕ್ಯಾರಂತ ಸುಮ್ಮನಾದ್ನಿ."

ರಾಜೇಶ್ವರಿ ಭರಣಿ ತರಿಸಿ ಒಂದು ಹರಳು ನಾಲಿಗೆಗಿಟ್ಟು ಮುಖ ಕಿವುಚಿದಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದ ಕಾಡವ್ವನ ಹತ್ತಿರ ಹೋದಳು.

"ಸೇರಿನ ಉಪ್ಪು ಎಂಥಾದ್ದು?"

"ನಮ್ಮ ಮಣ್ಣಿಂದರಿ. ಹಿಂದಿನಂಗ ಸೋಸಿ ತೆಗ್ಯಾವ್ರು ಈಗ ಯಾರೂ ಇಲ್ಲ, ನಾನಾ ತೆಗದದ್ದು; ಉಣ್ಣಾಕ ಬರೂದಿಲ್ಲ, ಕಹಿ ವಿಷಾ. ಸೇರು ಬರಿದ ಇರಬಾರ್ದಂತ ತುಂಬಿ ಇಡತೇವಿ."

*

ರಾಜೇಶ್ವರಿ ಎಲ್ಲರನ್ನೂ ಪಡಸಾಲೆಗೆ ಕರೆದಳು.

"ಹವಾಲ್ದಾರ್ರ, ಪರವೂರ ಕಳ್ಳ ಆಗಿದ್ರ ಉಪ್ಪು ನೆಲಕ್ಕ ಸುರುವಿ ಸೇರು ಒಯ್ತಿದ್ದ. ಇಂವಾ ಒಂದು ಹರಳೂ ಚೆಲ್ಲಿಲ್ಲ. ಯಾಕ? ಉಪ್ಪು ಚೆಲ್ಲಿದವರು ಸತ್ತ ಮ್ಯಾಲ ಕಣ್ಣರೆಪ್ಪಿಲೆ ಆರಸಬೇಕಾಗತೈತಂತ ನಮ್ಮಜ್ಜಿನೂ ಹೇಳಾಕಿ. ಸೇರು ಕದ್ಯಾಕ ಅಂಜಲಿಲ್ಲ, ಉಪ್ಪು ಚೆಲ್ಲಾಕ ಅಂಜಿದ. ತುಂಬಿದ ಸೇರು ಮುಚ್ಚಿಡಾಕೂ ಬರೂದಿಲ್ಲ. ಉಪ್ಪಿಗೆ ಉಪ್ಪು ಕೂಡಿದ್ರ ಯಾರಿಗೆ ಗೊತ್ತಾಗತೈತಿ ಅಂತ ಭರಣಿಗೆ ಸುರುವಿದ."

"ಇದೂ ಕಾಡವ್ವನ ಕೆಲಸಾನ," ಎಂದ ಗೌರೀಶ.

"ಆಕಿಗೆ ಅದು ಕಹಿ ಅಂತ ಗೊತ್ತೈತಿ. ನಿಮಗ ಗೊತ್ತಿರಲಿಲ್ಲ, ನೀವೂ ಸಾರು ಕುಡದ್ರಿ. ತಾಯವ್ವಾ, ಕಾಡವ್ವ ಎಂದಾದ್ರೂ ಈ ಅಡಗಿಮನಿ ಒಳಗ ಬಂದಾಳೇನು?"

ತಾಯವ್ವ ತಲೆ ತಗ್ಗಿಸಿದಳು. "ಆಕಿ ಕೇರಿ ಮಂದಿನ್ನ ಒಳಗ ಬಿಡೂದಿಲ್ರಿ. ಗೌರೀಶ ಸಾವ್ಕಾರ್ರು ಹೇಳ್ಯಾರ."

"ಮತ್ತ ಯಾರು ಬರ್ತಾರ?"

"ನಾನು. ಸಾವ್ಕಾರ್ರು. ಮತ್ಯಾರಿಲ್ರಿ."

ಜಟ್ಟೆಪ್ಪ ಒಳಗೆ ಹೋದ. ರೊಟ್ಟಿ ಮುಗಿದ ಮೇಲೆ ಯಾರೂ ಮುಟ್ಟದ ಜೋಳದ ಹಿಟ್ಟಿನ ಡಬ್ಬಿಗೆ ಮೊಣಕೈತನಕ ಕೈ ಇಳಿಸಿದ. ಸೇರು ಬೆಳ್ಳಗಾಗಿ ಮೇಲೆ ಬಂತು.

"ಯಾಕ್ರಿ ಸಾವ್ಕಾರ್ರ?" ಜಟ್ಟೆಪ್ಪ ಕೇಳಿದ.

ಗೌರೀಶ ಚೌಕಿಯ ಕಡೆ ಕೈ ತೋರಿಸಿದ. "ಬಸ್ ಬಂದ್ರ ಎಲ್ಲಾರೂ ಕಾಡವ್ವ ಎಲ್ಲಿ, ಕಾಡವ್ವ ಎಲ್ಲಿ ಅಂತಾರ. ಊಟಾ ಹಾಕಾಂವ ನಾನು. ಕೀಲಿ ಆಕಿ ಕೈಯಾಗ... ಅದೊಂದು ನನಗ ಬೇಕಾಗಿತ್ತು."

ಕಾಡವ್ವ ಹೊಸ್ತಿಲಾಚೆ ಬಂದು ನಿಂತಿದ್ದಳು. ತಾಯವ್ವನಿಗೆ ನಾಚಿಕೆಯಾಯಿತು. "ಒಳಗ ಬಾರ ಯವ್ವಾ. ನಿನ್ನ ಸೇರು ನೀನಾ ತಗೊ."

"ನಾ ಯಾಕ ಬರ್ಲಿ?" ಕಾಡವ್ವ ಹೊಸ್ತಿಲು ದಾಟಲಿಲ್ಲ. "ಒಯ್ದಾವ್ರ ತಂದಿಡಲಿ."

ಜಟ್ಟೆಪ್ಪ ಸೇರನ್ನು ಗೌರೀಶನ ಕೈಗಿಟ್ಟ. ಮೂವತ್ತು ಮಂದಿ ಎರಡು ಬದಿ ಸರಿದು ದಾರಿ ಬಿಟ್ಟರು. ಅವನು ಅಂಗಳ ದಾಟಿ ಚೌಕಿಯ ಬಾಗಿಲಿಗೆ ಬಂದು, ಹಿಟ್ಟಿನ ಕೈಯಲ್ಲಿ ಸೇರು ಹಿಡಿದು ನಿಂತುಕೊಂಡ.

"ನಿಂದ್ರಿ," ಎಂದಳು ಅಷ್ಟರಲ್ಲಿ ಚೌಕಿಯೊಳಗೆ ಹೋಗಿ ನಿಂತಿದ್ದ ಕಾಡವ್ವ. "ಚಪ್ಪಲಿ ಹೊರಗ ಬಿಟ್ಟು ಬರ್ರಿ."